ತಿರುಗಿಸದೆ ಉಳಿದ ನದಿ

1938ರ ಏಪ್ರಿಲ್ 27ರ ರಾತ್ರಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಎನ್‌ಫೀಲ್ಡ್ ಎಂಬ ಸಣ್ಣ ಊರಿನ ಪುರಭವನದಲ್ಲಿ ಜನ ಕಿಕ್ಕಿರಿದು ನೆರೆದಿದ್ದರು. ಊರಿನ ಅಗ್ನಿಶಾಮಕ ದಳದವರು ಏರ್ಪಡಿಸಿದ್ದ ನೃತ್ಯಕೂಟವದು. ಗಡಿಯಾರ ಹನ್ನೆರಡು ಹೊಡೆದಾಗ ವಾದ್ಯಗಾರರು ವಿದಾಯದ ಹಾಡೊಂದನ್ನು ನುಡಿಸಿದರು. ನೆರೆದವರಲ್ಲಿ ಅನೇಕರು ಅತ್ತುಬಿಟ್ಟರು. ಆ ಗಳಿಗೆಯಿಂದ ಎನ್‌ಫೀಲ್ಡ್ ಎಂಬ ಊರು ಕಾನೂನಿನ ದೃಷ್ಟಿಯಲ್ಲಿ ಇಲ್ಲವಾಯಿತು. ಡೇನಾ, ಗ್ರೀನಿಚ್, ಪ್ರೆಸ್ಕಾಟ್ ಎಂಬ ನೆರೆಯ ಮೂರು ಊರುಗಳಿಗೂ ಅದೇ ಗತಿ ಒದಗಿತು.

ಈ ನಾಲ್ಕು ಊರುಗಳು ಮಾಡಿದ ತಪ್ಪೇನೂ ಇರಲಿಲ್ಲ. ಅವು ಸ್ವಿಫ್ಟ್ ಎಂಬ ನದಿಯ ಕಣಿವೆಯಲ್ಲಿದ್ದವು. ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರುಗಳಾಚೆ ಕಡಲ ದಡದಲ್ಲಿದ್ದ ಬಾಸ್ಟನ್ ಮಹಾನಗರಕ್ಕೆ ನೀರು ಬೇಕಾಗಿತ್ತು. ಬಾಸ್ಟನ್ನಿನ ನೀರಿನ ಚರಿತ್ರೆಯೆಂದರೆ ಪಶ್ಚಿಮದತ್ತ ಹೆಜ್ಜೆಹೆಜ್ಜೆಯಾಗಿ ಕೈಚಾಚುತ್ತ ಹೋದ ಚರಿತ್ರೆ. 1848ರಲ್ಲಿ ಸಮೀಪದ ಕೊಚಿಚುಯೇಟ್ ಸರೋವರದ ನೀರು ನಗರಕ್ಕೆ ಬಂದಿತು. ಅದು ಸಾಲದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇನ್ನೂ ದೂರದ ವಾಚೂಸೆಟ್ ಜಲಾಶಯವನ್ನು ಕಟ್ಟಿದರು. ಅದೂ ಸಾಲದೆ ಸ್ವಿಫ್ಟ್ ನದಿಗೆ ಅಣೆಕಟ್ಟು ಕಟ್ಟಿ ಕ್ವಾಬಿನ್ ಎಂಬ ಬೃಹತ್ ಜಲಾಶಯವನ್ನು ನಿರ್ಮಿಸಿದರು. ಸುಮಾರು 2,500 ಜನ ಮನೆಮಠ ಬಿಟ್ಟು ಹೋಗಬೇಕಾಯಿತು. ಸ್ಮಶಾನಗಳಿಂದ 7,500ಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಬೇರೆಡೆಗೆ ಸಾಗಿಸಲಾಯಿತು. 1939ರಲ್ಲಿ ತುಂಬತೊಡಗಿದ ಜಲಾಶಯ ಪೂರ್ಣವಾಗಿ ತುಂಬಿದ್ದು 1946ರಲ್ಲಿ. ಅದರ ಸಾಮರ್ಥ್ಯ ಸುಮಾರು 55 ಟಿ.ಎಂ.ಸಿ. ಅಡಿಗಳು, ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯಕ್ಕಿಂತ ತುಸು ಹೆಚ್ಚೇ. ಇಷ್ಟು ನೀರು ಕೇವಲ ನಗರದ ಜನರ ಬಳಕೆಗಾಗಿ. ಇನ್ನು ಬಾಸ್ಟನ್ನಿಗೆ ನೀರಿನ ಚಿಂತೆಯಿಲ್ಲವೆಂದು ಎಲ್ಲರೂ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ನಿಶ್ಚಿಂತೆ ಬಹುಕಾಲ ಉಳಿಯಲಿಲ್ಲ. 1960ರ ದಶಕದಲ್ಲಿ ಆ ಸೀಮೆಗೆ ದೀರ್ಘವಾದ ಬರಗಾಲ ಬಂದಿತು. 1967ರಲ್ಲಿ ಕ್ವಾಬಿನ್ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಎರಡು ದೊಡ್ಡ ಜಲಾಶಯಗಳನ್ನೂ ಸೇರಿಸಿ, ಬರದ ವರ್ಷಗಳಲ್ಲಿಯೂ ಅಪಾಯವಿಲ್ಲದೆ ದಿನಕ್ಕೆ ತೆಗೆಯಬಹುದಾದ ನೀರು ಸುಮಾರು 113 ಕೋಟಿ ಲೀಟರುಗಳೆಂದು ತಜ್ಞರು ಲೆಕ್ಕ ಹಾಕಿದ್ದರು. 1969ರಿಂದ ಮುಂದಿನ ಸುಮಾರು ಇಪ್ಪತ್ತು ವರ್ಷಗಳ ಕಾಲ ನಗರ ಮತ್ತು ಅದರ ಸುತ್ತಲಿನ ಪಟ್ಟಣಗಳು ಪ್ರತಿವರ್ಷವೂ ಈ ಮಿತಿಯನ್ನು ಮೀರಿದವು. ಒಳ್ಳೆಯ ಮಳೆಯ ವರ್ಷಗಳಲ್ಲಿ ಇದರ ಅಪಾಯ ಕಾಣುತ್ತಿರಲಿಲ್ಲ. ಆದರೆ ಇನ್ನೊಂದು ದೊಡ್ಡ ಬರ ಬಂದಿದ್ದರೆ?

ಅಧಿಕಾರಿಗಳಿಗೆ ಹೊಳೆದ ಪರಿಹಾರ ಹಳೆಯದೇ ಆಗಿತ್ತು: ಇನ್ನೂ ಒಂದು ಹೆಜ್ಜೆ ಪಶ್ಚಿಮಕ್ಕೆ. ಕ್ವಾಬಿನ್ನಿನ ಆಚೆ ಕನೆಕ್ಟಿಕಟ್ ಎಂಬ ದೊಡ್ಡ ನದಿ ಹರಿಯುತ್ತದೆ. ಅದರ ಪ್ರವಾಹಕಾಲದ ನೀರನ್ನು ನಾರ್ತ್‌ಫೀಲ್ಡ್ ಎಂಬಲ್ಲಿ ಎತ್ತಿ, ಸುರಂಗದ ಮೂಲಕ ಕ್ವಾಬಿನ್ನಿಗೆ ತಿರುಗಿಸುವ ಯೋಜನೆ ಸಿದ್ಧವಾಯಿತು. ಆದರೆ ಪಶ್ಚಿಮದ ಕಣಿವೆಯ ಜನ 1938ರ ಆ ರಾತ್ರಿಯನ್ನು ಮರೆತಿರಲಿಲ್ಲ. ನದಿಯ ಮೀನುಗಳ ಗತಿಯೇನು, ಕೆಳಗಿನ ಊರುಗಳ ಗತಿಯೇನು ಎಂದು ಅವರು ಕೇಳಿದರು. ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ಈಗ ಕೊಡುತ್ತಿರುವ ನೀರನ್ನು ಬಾಸ್ಟನ್ ಏನು ಮಾಡುತ್ತಿದೆ?

ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವಿರಲಿಲ್ಲ. ಜಲಾಶಯದಿಂದ ಹೊರಟ ನೀರಿನ ಲೆಕ್ಕವಿತ್ತು. ಮನೆಗಳ ಮೀಟರುಗಳಲ್ಲಿ ದಾಖಲಾದ ನೀರಿನ ಲೆಕ್ಕವೂ ಇತ್ತು. ಎರಡಕ್ಕೂ ತಾಳೆಯಾಗುತ್ತಿರಲಿಲ್ಲ. ನಡುವೆ ದೊಡ್ಡದೊಂದು ಪಾಲು ಕಾಣೆಯಾಗುತ್ತಿತ್ತು. ಒಂದಿಷ್ಟು ಕೆಟ್ಟ ಮೀಟರುಗಳ ತಪ್ಪು, ಒಂದಿಷ್ಟು ಮೀಟರೇ ಇಲ್ಲದ ಬಳಕೆ. ಉಳಿದದ್ದು ನೆಲದೊಳಗೆ ಹೂತ ಹಳೆಯ ಬೀಡುಕಬ್ಬಿಣದ ಕೊಳವೆಗಳಿಂದ ಹಗಲಿರುಳೂ ಸೋರುತ್ತಿದ್ದ ನೀರು. ಕಾಡಿನ ನಡುವೆ ಶುದ್ಧವಾಗಿ ಕಾಪಾಡಿ ನೂರು ಕಿಲೋಮೀಟರು ದೂರದಿಂದ ತಂದ ನೀರು, ಮನೆಯ ಬಾಗಿಲಿಗೆ ಬಂದು ಮಣ್ಣುಪಾಲಾಗುತ್ತಿತ್ತು. ಬಾಸ್ಟನ್ನಿನ ಅದೃಷ್ಟವೆಂದರೆ ಅಲ್ಲಿಗೆ ನೀರು ಬಹುಪಾಲು ಇಳಿಜಾರಿನಲ್ಲಿ ತಾನಾಗಿಯೇ ಹರಿದುಬರುತ್ತದೆ. ಹೆಚ್ಚುಕಡಮೆ ಅಷ್ಟೇ ದೂರದಿಂದ ಬೆಂಗಳೂರಿಗೆ ಬರುವ ಕಾವೇರಿಯ ನೀರನ್ನಾದರೋ ಸುಮಾರು ಐನೂರು ಮೀಟರುಗಳಷ್ಟು ಮೇಲೆತ್ತಬೇಕು. ಅಂತಹ ಕಡೆ ಸೋರುವುದು ನೀರೊಂದೇ ಅಲ್ಲ, ವಿದ್ಯುಚ್ಛಕ್ತಿಯೂ ಸೋರುತ್ತದೆ.

1984ರಲ್ಲಿ ಜಾರಿಗೆ ಬಂದ ಶಾಸನವೊಂದು ಈ ವಿವಾದಕ್ಕೆ ಹೊಸ ತಿರುವು ಕೊಟ್ಟಿತು. ಒಂದು ನದಿಯ ಕಣಿವೆಯಿಂದ ಇನ್ನೊಂದು ಕಣಿವೆಗೆ ನೀರನ್ನು ಒಯ್ಯಬಯಸುವವರು, ತಮ್ಮಲ್ಲಿ ಸಾಧ್ಯವಿರುವ ಮಿತವ್ಯಯದ ಕ್ರಮಗಳನ್ನೆಲ್ಲ ಮೊದಲು ಕೈಗೊಂಡಿರಬೇಕೆಂದು ಅದು ವಿಧಿಸಿತು. ಅದೇ ವರ್ಷದ ಕೊನೆಯಲ್ಲಿ ಮ್ಯಾಸಚೂಸೆಟ್ಸ್ ಜಲಸಂಪನ್ಮೂಲ ಪ್ರಾಧಿಕಾರ ಎಂಬ ಹೊಸ ಸಂಸ್ಥೆ ಹುಟ್ಟಿತು. ಈ ಸಂಸ್ಥೆ ನೀರನ್ನು ನೇರವಾಗಿ ಮನೆಗಳಿಗೆ ಮಾರುವುದಿಲ್ಲ. ಬಾಸ್ಟನ್ ಮತ್ತು ಸುತ್ತಲಿನ ಪಟ್ಟಣಗಳಿಗೆ ಸಗಟಾಗಿ ಮಾರುತ್ತದೆ. ಪಟ್ಟಣಗಳು ಅದನ್ನು ತಮ್ಮ ಕೊಳವೆಗಳ ಮೂಲಕ ಜನರಿಗೆ ಹಂಚುತ್ತವೆ. ಕೊಳವೆ ಯಾರದೋ ಸೋರಿಕೆಯೂ ಅವರದೇ ಎಂಬ ಭಾವನೆ ಇಂತಹ ವ್ಯವಸ್ಥೆಯಲ್ಲಿ ಸಹಜ. 1986ರಲ್ಲಿ ಪ್ರಾಧಿಕಾರವು ನದಿಯನ್ನು ತಿರುಗಿಸುವ ಯೋಜನೆಯನ್ನು ಬದಿಗಿರಿಸಿ, ಮೊದಲು ಸೋರಿಕೆಯನ್ನು ತಡೆದು ನೋಡೋಣವೆಂದು ನಿಶ್ಚಯಿಸಿತು.

ನೆಲದಡಿಯ ಸೋರಿಕೆಯನ್ನು ಪತ್ತೆಹಚ್ಚುವುದು ಹೇಗೆ? ಸೋರಿದ ನೀರೆಲ್ಲ ರಸ್ತೆಯ ಮೇಲೆ ಉಕ್ಕುವುದಿಲ್ಲ. ಬಹುಪಾಲು ಮಣ್ಣಿನಲ್ಲಿ ಇಂಗಿಯೋ ಒಳಚರಂಡಿಯನ್ನು ಸೇರಿಯೋ ಮಾಯವಾಗುತ್ತದೆ. ಆದರೆ ಒತ್ತಡದಲ್ಲಿರುವ ನೀರು ಬಿರುಕಿನಿಂದ ಹೊರನುಗ್ಗುವಾಗ ಸದ್ದು ಮಾಡುತ್ತದೆ. ಆ ಸದ್ದು ಕೊಳವೆಯ ಲೋಹದುದ್ದಕ್ಕೂ ಸಾಗುತ್ತದೆ. ವೈದ್ಯನು ಎದೆಬಡಿತವನ್ನು ಆಲಿಸುವಂತೆ, ನುರಿತ ಕೆಲಸಗಾರರು ಕವಾಟಗಳಿಗೆ ಆಲಿಕೆಯ ಸಾಧನವನ್ನು ತಾಗಿಸಿ ಕಿವಿಗೊಡುತ್ತಾರೆ. ಎರಡು ಕಡೆ ಸಾಧನಗಳನ್ನಿಟ್ಟು, ಸದ್ದು ಒಂದೊಂದನ್ನೂ ತಲುಪುವ ಕಾಲದಲ್ಲಿನ ಕೂದಲೆಳೆಯ ವ್ಯತ್ಯಾಸದಿಂದ ಬಿರುಕಿನ ಸ್ಥಳವನ್ನು ಗುರುತಿಸುವ ಯಂತ್ರಗಳೂ ಇವೆ. ಈ ಕೆಲಸಕ್ಕೆ ನಡುರಾತ್ರಿ ಪ್ರಶಸ್ತವಾದ ವೇಳೆ. ಆಗ ವಾಹನಗಳ ಗದ್ದಲವಿರುವುದಿಲ್ಲ. ಊರೆಲ್ಲ ಮಲಗಿರುವಾಗ ಕೊಳವೆಯಲ್ಲಿ ನೀರು ಭರದಿಂದ ಹರಿಯುತ್ತಿದೆಯೆಂದರೆ ಅದನ್ನು ಕುಡಿಯುತ್ತಿರುವವರು ಮನುಷ್ಯರಲ್ಲವೆಂಬುದು ಸ್ಪಷ್ಟ.

ಪ್ರಾಧಿಕಾರ ಮೊದಲು ತನ್ನ ಸ್ವಂತ ಕೊಳವೆಗಳನ್ನು ಸರಿಪಡಿಸಿತು. ಬಳಿಕ ನೀರು ಕೊಳ್ಳುವ ಪ್ರತಿಯೊಂದು ಪಟ್ಟಣವೂ ಎರಡು ವರ್ಷಗಳಿಗೊಮ್ಮೆ ತನ್ನ ಕೊಳವೆಗಳೆಲ್ಲವನ್ನೂ ಪರೀಕ್ಷಿಸಿ, ಕಂಡ ಸೋರಿಕೆಗಳನ್ನು ಮುಚ್ಚಬೇಕೆಂದು ನಿಯಮ ಮಾಡಿತು. ಹಳೆಯ ಮೀಟರುಗಳನ್ನು ಬದಲಾಯಿಸಲಾಯಿತು. ಅಳತೆ ತಪ್ಪಿದಲ್ಲಿ ಉಳಿತಾಯದ ಮಾತು ಬರಿಯ ಊಹೆಯಾಗುತ್ತದೆಂದು ಆ ಇಂಜಿನಿಯರುಗಳು ಅರಿತಿದ್ದರು.

ಕೆಲಸ ಬೀದಿಗೆ ನಿಲ್ಲದೆ ಮನೆಯೊಳಗೂ ಬಂದಿತು. ಸುಮಾರು 3,70,000 ಮನೆಗಳಲ್ಲಿ ನೀರನ್ನು ಮಿತಗೊಳಿಸುವ ಸಣ್ಣ ಸಾಧನಗಳನ್ನು ಅಳವಡಿಸಲಾಯಿತು. ನಲ್ಲಿಯ ತುದಿಗೆ ಸಿಕ್ಕಿಸುವ ಜರಡಿಯಂಥ ಬಿಲ್ಲೆಯೊಂದು ನೀರಿನೊಡನೆ ಗಾಳಿಯನ್ನು ಬೆರೆಸುತ್ತದೆ. ಧಾರೆ ದಪ್ಪವಾಗಿಯೇ ಕಾಣುತ್ತದೆ, ಕೈ ತೊಳೆಯುವವನಿಗೆ ಕೊರತೆ ತೋರದು. ಹರಿಯುವ ನೀರು ಮಾತ್ರ ಕಡಮೆ. ಶೌಚಾಲಯಗಳ ವಿಷಯದಲ್ಲಿ ಕಾನೂನೇ ಬದಲಾಯಿತು. ಹಳೆಯ ತೊಟ್ಟಿಗಳು ಒಮ್ಮೆ ಸರಪಳಿ ಎಳೆದರೆ ಹದಿಮೂರು ಲೀಟರನ್ನೋ ಅದಕ್ಕೂ ಹೆಚ್ಚನ್ನೋ ಸುರಿಯುತ್ತಿದ್ದವು. ಹೊಸದಾಗಿ ಕೂರಿಸುವ ತೊಟ್ಟಿ ಆರು ಲೀಟರಿಗೆ ಮೀರಬಾರದೆಂಬ ನಿಯಮವನ್ನು ಮ್ಯಾಸಚೂಸೆಟ್ಸ್ ಇತರ ರಾಜ್ಯಗಳಿಗಿಂತ ಮೊದಲೇ ಜಾರಿಗೆ ತಂದಿತು. 1992ರಲ್ಲಿ ಇಡೀ ಅಮೆರಿಕಕ್ಕೇ ಅಂತಹ ಶಾಸನವಾಯಿತು. ಶಾಲೆಯ ಮಕ್ಕಳಿಗೆ ಪಾಠಗಳನ್ನೂ ಹೇಳಿಕೊಟ್ಟರು. ಆದರೆ ಕೇವಲ ಬುದ್ಧಿವಾದವನ್ನು ನಂಬಿ ಅವರು ಕುಳಿತಿರಲಿಲ್ಲ.

ಫಲವನ್ನು ಅಂಕೆಗಳಲ್ಲೇ ನೋಡಬಹುದು. 1987ರಲ್ಲಿ ದಿನಕ್ಕೆ ಸುಮಾರು 127 ಕೋಟಿ ಲೀಟರು ನೀರು ವೆಚ್ಚವಾಗುತ್ತಿತ್ತು. 1997ರಲ್ಲಿ ಅದು 97 ಕೋಟಿಗೆ ಇಳಿಯಿತು. 2009ರ ವೇಳೆಗೆ 74 ಕೋಟಿಗೆ ಬಂದು ಮುಟ್ಟಿತು. ನದಿಯನ್ನು ತಿರುಗಿಸಬೇಕೆಂಬ ಮಾತು ತಾನಾಗಿಯೇ ಅಡಗಿತು. ಇದಕ್ಕೆಲ್ಲ ಸೋರಿಕೆ ತಡೆದದ್ದೊಂದೇ ಕಾರಣವೆಂದು ಹೇಳಿದರೆ ನ್ಯಾಯವಾಗದು. ನೀರನ್ನು ಹೆಚ್ಚಾಗಿ ಬಳಸುತ್ತಿದ್ದ ಕೆಲವು ಹಳೆಯ ಕೈಗಾರಿಕೆಗಳು ಅಲ್ಲಿಂದ ಮರೆಯಾದವು. ಮಲಿನವಾಗಿದ್ದ ಬಾಸ್ಟನ್ ಬಂದರನ್ನು ನ್ಯಾಯಾಲಯದ ಆಜ್ಞೆಯಂತೆ ಶುದ್ಧಗೊಳಿಸಬೇಕಾದ ವೆಚ್ಚವೂ ಜನರ ಮೇಲೆ ಬಿದ್ದು, ನೀರು ಮತ್ತು ಒಳಚರಂಡಿಯ ದರ ಬಹಳ ಏರಿತು. ದರ ಏರಿದಾಗ ಜನ ನಲ್ಲಿಯನ್ನು ಬಿಗಿಯಾಗಿ ತಿರುಗಿಸುವುದು ಎಲ್ಲೆಡೆಯೂ ಇದ್ದದ್ದೇ.

ಈ ಉಳಿತಾಯದಿಂದ ಒಂದು ವಿಚಿತ್ರ ತೊಡಕೂ ಹುಟ್ಟಿತು. ನೀರನ್ನು ಮಾರಿ ಬದುಕುವ ಸಂಸ್ಥೆಯೇ ಗಿರಾಕಿಗಳಿಗೆ ಕಡಮೆ ಕೊಳ್ಳಿರೆಂದು ಹೇಳಿದ ಮೇಲೆ ಅದರ ಆದಾಯದ ಗತಿಯೇನು? ಅಣೆಕಟ್ಟು, ಸುರಂಗ, ಕೊಳವೆಗಳನ್ನು ಕಾಪಾಡುವ ಖರ್ಚು ನೀರು ಕಡಮೆ ಹರಿದ ಮಾತ್ರಕ್ಕೆ ಕಡಮೆಯಾಗುವುದಿಲ್ಲ. ಆ ಖರ್ಚನ್ನು ಕಡಮೆ ಲೀಟರುಗಳ ಮೇಲೆ ಹಂಚಿದಾಗ ಪ್ರತಿ ಲೀಟರಿನ ಬೆಲೆ ಮೇಲೇರುತ್ತದೆ. ನೀರನ್ನು ಉಳಿಸಿಯೂ ಹೆಚ್ಚು ಹಣ ಕೊಡಬೇಕಾಯಿತಲ್ಲ ಎಂದು ಗೊಣಗುವವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹೊಸ ಸುರಂಗವನ್ನು ಕೊರೆದಿದ್ದರೆ ಅದರ ಸಾಲವೂ ಅವನ ತಲೆಯ ಮೇಲೆಯೇ ಬೀಳುತ್ತಿತ್ತು.

ಕ್ವಾಬಿನ್ನಿನ ನೀರಿನಡಿಯಲ್ಲಿ ಇಂದಿಗೂ ಎನ್‌ಫೀಲ್ಡಿನ ಹಳೆಯ ರಸ್ತೆಗಳಿವೆ; ಡೇನಾದ ಊರನಡುವೆಯ ಬಯಲು ಎತ್ತರದ ನೆಲದಲ್ಲಿದ್ದುದರಿಂದ ಮುಳುಗದೆ ಉಳಿದು, ಮನೆಗಳ ಅಡಿಪಾಯದ ಕುಳಿಗಳನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಕನೆಕ್ಟಿಕಟ್ ನದಿ ನಾರ್ತ್‌ಫೀಲ್ಡನ್ನು ಹಾದು ದಕ್ಷಿಣದ ಕಡಲಿನತ್ತ ಹರಿಯುತ್ತಿದೆ. ಇತ್ತ ಪಟ್ಟಣಗಳ ಬೀದಿಗಳಲ್ಲಿ ಕೆಲಸಗಾರರು ಕವಾಟದಿಂದ ಕವಾಟಕ್ಕೆ ನಡೆದು, ನೆಲದಡಿಯ ಸದ್ದಿಗೆ ಕಿವಿಗೊಡುತ್ತಾರೆ.