ಕಬ್ಬಿಣಾಂಶ ಹೆಚ್ಚಿರುವ ಸಜ್ಜೆ: ಕರಾಮದಿಂದ ಊರಿನ ಹೊಲ ನೋಡಿಕೊಳ್ಳುವವರಿಗೆ

ದುಬೈನ ಕರಾಮದ ದಿನಸಿ ಅಂಗಡಿಗಳಲ್ಲಿ ರಾಗಿ, ಜೋಳ, ಸಜ್ಜೆ ಹಿಟ್ಟು ಕೊಳ್ಳುವ ಕನ್ನಡಿಗರಲ್ಲಿ ಹಲವರಿಗೆ ಊರಲ್ಲಿ ಹೊಲವಿದೆ. ಮುಂಗಾರಿಗೆ ಯಾವ ಬೀಜ ಬಿತ್ತಬೇಕೆಂದು ಅಣ್ಣತಮ್ಮಂದಿರು ಫೋನಿನಲ್ಲೇ ಮಾತಾಡಿಕೊಳ್ಳುತ್ತಾರೆ. ಇಳುವರಿ, ಬೆಲೆ, ರೋಗದ ಜೊತೆಗೆ ಕಾಳಿನ ಪೋಷಕಾಂಶವನ್ನೂ ಆ ಮಾತಿಗೆ ಸೇರಿಸಬೇಕಾದ ಕಾಲವಿದು. ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರದ ಮಸಾರಿ ಹೊಲಗಳಲ್ಲಿ ಸಜ್ಜೆ ಬೆಳೆಯುವವರಿಗೆ ಇದು ಸುಲಭವೂ ಹೌದು.

ತಳಿ ಹುಟ್ಟಿದ ಬಗೆ

ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಮತ್ತು ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠ ಸೇರಿ ಬೆಳೆಸಿದ, ಕಬ್ಬಿಣಾಂಶ ಹೆಚ್ಚಿರುವ ಸಜ್ಜೆ ತಳಿ ‘ಧನಶಕ್ತಿ’ 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಯಿತು. ಬಳಿಕ ಕರ್ನಾಟಕವೂ ಸೇರಿ ಹಲವು ರಾಜ್ಯಗಳಿಗೆ ಶಿಫಾರಸಾಯಿತು. ಇದರ ತಾಯಿ ತಳಿ ಐಸಿಟಿಪಿ 8203, ಆಫ್ರಿಕಾದ ಟೋಗೊ ದೇಶದ ನಾಟಿ ಸಜ್ಜೆಯಿಂದ ಆರಿಸಿದ್ದು. ಆ ತಳಿಯೊಳಗೇ ಗಿಡದಿಂದ ಗಿಡಕ್ಕೆ ಕಬ್ಬಿಣಾಂಶ ಬೇರೆಬೇರೆ ಇರುವುದನ್ನು ವಿಜ್ಞಾನಿಗಳು ಗುರುತಿಸಿ, ಹೆಚ್ಚಿರುವ ಸಾಲುಗಳನ್ನು ಆಯ್ದು ಒಟ್ಟುಗೂಡಿಸಿದರು. ಹೊರಗಿನ ವಂಶವಾಹಿ ಯಾವುದನ್ನೂ ಇದಕ್ಕೆ ಸೇರಿಸಿಲ್ಲ. ಇದು ಕುಲಾಂತರಿ ಬೆಳೆಯಲ್ಲ.

ಸಾಮಾನ್ಯ ಸಜ್ಜೆಯ ಒಂದು ಕಿಲೋ ಕಾಳಿನಲ್ಲಿ 45ರಿಂದ 50 ಮಿಲಿಗ್ರಾಂ ಕಬ್ಬಿಣವಿದ್ದರೆ, ಧನಶಕ್ತಿಯಲ್ಲಿ ಸುಮಾರು 80 ಮಿಲಿಗ್ರಾಂ. ಸತು 40 ಮಿಲಿಗ್ರಾಂ ದಾಟುತ್ತದೆ. ಬೆಳೆ 80 ದಿನದೊಳಗೆ ಕಟಾವಿಗೆ ಬರುತ್ತದೆ. ಮಹಾರಾಷ್ಟ್ರದ ಶಾಲಾ ಮಕ್ಕಳಿಗೆ ಇಂಥ ಸಜ್ಜೆಯ ಭಕ್ರಿ ಕೊಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಬ್ಬಿಣದ ಕೊರತೆಯಿದ್ದ ಮಕ್ಕಳು ಸಾಮಾನ್ಯ ಸಜ್ಜೆ ತಿಂದವರಿಗಿಂತ ಬೇಗ ಚೇತರಿಸಿಕೊಂಡರು. ಸಜ್ಜೆಯ ಹೊಸ ತಳಿ ಬಿಡುಗಡೆಯಾಗಲು ಕಿಲೋಗೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ, 32 ಮಿಲಿಗ್ರಾಂ ಸತು ಇರಬೇಕೆಂಬ ನಿಯಮ 2018ರಿಂದ ನಮ್ಮ ದೇಶದಲ್ಲಿದೆ.

ರಾಗಿ ಬೆಳೆಯುವವರಿಗೆ 2020ರ ‘ಸಿಎಫ್ಎಂವಿ 1’ (ಇಂದ್ರಾವತಿ) ಇದೆ; 100 ಗ್ರಾಂ ಕಾಳಿಗೆ 428 ಮಿಲಿಗ್ರಾಂ ಸುಣ್ಣಾಂಶ. ಭತ್ತದವರಿಗೆ ಸತು ಹೆಚ್ಚಿರುವ ‘ಡಿಆರ್‌ಆರ್ ಧಾನ್ 45’ ಇದೆ. ಎರಡೂ ಕರ್ನಾಟಕಕ್ಕೆ ಶಿಫಾರಸಾದವು.

ಬೀಜ ಕೊಳ್ಳುವಾಗ, ಬಿತ್ತುವಾಗ

• ಕಬ್ಬಿಣಾಂಶ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬೀಜವನ್ನು ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ ವಿಚಾರಿಸಿ, ಚೀಟಿ ನೋಡಿ, ರಸೀದಿ ಪಡೆದೇ ಕೊಳ್ಳಿ.
• ಎಕರೆಗೆ ಒಂದೂವರೆಯಿಂದ ಎರಡು ಕಿಲೋ ಬೀಜ ಸಾಕು. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಬಿಡಿ.
• ಧನಶಕ್ತಿ ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು. ಆದರೆ ಸಜ್ಜೆಯ ಪರಾಗ ಗಾಳಿಯಲ್ಲಿ ಹಾರುತ್ತದೆ. ಬೇರೆ ಸಜ್ಜೆಯಿಂದ 200 ಮೀಟರ್ ದೂರವಿರುವ ಹೊಲದ ನಡುಭಾಗದ ಒಳ್ಳೆಯ ತೆನೆಗಳನ್ನೇ ಬೀಜಕ್ಕೆ ತೆಗೆದಿಡಿ. ಕೆಲವು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ.
• ಮಣ್ಣಿನಲ್ಲಿಲ್ಲದ್ದನ್ನು ತಳಿ ಕಾಳಿಗೆ ತುಂಬಲಾರದು. ಮಣ್ಣು ಪರೀಕ್ಷೆಯಲ್ಲಿ ಸತುವಿನ ಕೊರತೆ ಕಂಡರೆ ಶಿಫಾರಸಿನಂತೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಕೊಡಿ. ಕೊಟ್ಟಿಗೆ ಗೊಬ್ಬರ ತಪ್ಪಿಸಬೇಡಿ.

ಸವಳು ಭೂಮಿ ಇದ್ದರೆ

ಉಪ್ಪುನೀರಿನಲ್ಲಿ ಸಜ್ಜೆ, ಜೋಳದ ತಳಿಗಳನ್ನು ಬೆಳೆದು ಪರೀಕ್ಷಿಸುವ ಅಂತರರಾಷ್ಟ್ರೀಯ ಕೇಂದ್ರ ಐಸಿಬಿಎ 1999ರಿಂದ ದುಬೈನಲ್ಲೇ ಇದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳಿನ ಸಮಸ್ಯೆಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವಿದೆ. ಕಬ್ಬಿಣ ಹೆಚ್ಚಿರುವ ತಳಿಯೆಲ್ಲ ಉಪ್ಪು ತಡೆಯುತ್ತದೆ ಎಂದುಕೊಳ್ಳಬೇಡಿ. ಅವೆರಡೂ ಬೇರೆ ಗುಣಗಳು. ಸವಳು ಹೊಲಕ್ಕೆ ಗಂಗಾವತಿಯ ಸಲಹೆ ಪಡೆದೇ ಬಿತ್ತಿ.

ರಾಶಿಯಿಂದ ರೊಟ್ಟಿಗೆ

ಕಬ್ಬಿಣ, ಸತು ಹೆಚ್ಚಾಗಿ ಇರುವುದು ಕಾಳಿನ ಹೊರಪದರ ಮತ್ತು ಮೊಳಕೆ ಭಾಗದಲ್ಲಿ. ತೌಡು ತೆಗೆದು ಹಿಟ್ಟು ಮಾಡಿಸಿದರೆ ತಳಿಯಿಂದ ಬಂದ ಲಾಭ ಗಿರಣಿಯಲ್ಲೇ ಹೋಗುತ್ತದೆ. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚಿರುವುದರಿಂದ ಹಿಟ್ಟು ಬೇಗ ಕಹಿಯಾಗುತ್ತದೆ. ಕರಾಮಕ್ಕೆ ತರುವುದಿದ್ದರೆ ಒಣಗಿದ ಕಾಳು ತಂದು, ಬೇಕಾದಷ್ಟೇ ಬೀಸಿಕೊಳ್ಳಿ. ನೆನೆಸಿ ಮೊಳಕೆ ಬರಿಸಿದರೆ, ಊಟದ ಜೊತೆ ನಿಂಬೆಹಣ್ಣು ಸೇರಿದರೆ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಹತ್ತುವುದು ಕಡಿಮೆ.

ಸಜ್ಜೆಯನ್ನು ಎಪಿಎಂಸಿಗೆ ಒಯ್ದರೆ ಕಬ್ಬಿಣಾಂಶ ಅಳೆದು ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ಶಾರ್ಜಾದ ಮ್ಲೈಹಾದಲ್ಲಿ 2022ರಲ್ಲಿ 400 ಹೆಕ್ಟೇರಿನಲ್ಲಿ ಆರಂಭವಾದ ಗೋಧಿ ಫಾರಂ ತನ್ನ ಹಿಟ್ಟನ್ನು ಪ್ರೋಟೀನಿನ ಹೆಸರು ಹೇಳಿಯೇ ಮಾರುತ್ತಿದೆ. ಕಾಳಿನ ಗುಣಕ್ಕೆ ಕೊಳ್ಳುವವರಿದ್ದಾರೆ. ನಮ್ಮ ಸಜ್ಜೆಗೂ ಅಂಥ ಮಾರುಕಟ್ಟೆ ಬೇಕಾದರೆ ರೈತ ಉತ್ಪಾದಕ ಕಂಪನಿಗಳು ಒಂದೇ ತಳಿಯನ್ನು ಬೆರಕೆಯಿಲ್ಲದೆ ಬೆಳೆದು, ಪ್ರಯೋಗಾಲಯದ ಪರೀಕ್ಷೆಯೊಂದಿಗೆ ಮಾರಬೇಕು. ಅದಕ್ಕೆ ಮೊದಲು ಈ ಮುಂಗಾರಿಗೆ ಒಂದೆಕರೆ ಮನೆಯ ಊಟಕ್ಕೆಂದು ಬಿತ್ತಿಸಿ. ನಿಮ್ಮ ತಾಯಿ, ತಂಗಿ, ಮಕ್ಕಳ ರಕ್ತಹೀನತೆ ತಗ್ಗಿಸಲು ಊರಿನ ಹೊಲವೂ ನೆರವಾಗಬಲ್ಲದು. ಬೀಜಕ್ಕೆ ಮೇ ತಿಂಗಳಲ್ಲೇ ಹೆಸರು ಬರೆಸಿ ಎಂದು ಇಂದೇ ಊರಿಗೆ ಫೋನ್ ಮಾಡಿ ಹೇಳಿ.