ಪತ್ರಾಸಿನ ಕೊಟ್ಟಿಗೆ ಕಟ್ಟುವ ಮುಂಚೆ



ಜತ್ತ, ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಮೊದಲು ದನದ ಕೊಟ್ಟಿಗೆಗೆ ಹುಲ್ಲು ಇಲ್ಲವೆ ಕಬ್ಬಿನ ರವದಿ ಹೊಚ್ಚುತ್ತಿದ್ದರು. ಈಗ ಬಹಳ ಮಂದಿ ತಗಡು, ಅಂದರೆ ಪತ್ರಾಸು ಹಾಕಿಸುತ್ತಾರೆ. ತಪ್ಪೇನಿಲ್ಲ. ವರ್ಷಾ ವರ್ಷಾ ಹೊಚ್ಚುವ ಕಾಟ ಇಲ್ಲ, ಬೆಂಕಿಯ ಭಯ ಕಡಿಮೆ. ಆದರೆ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಗಡು ಕಾದ ಹಂಚಿನಂತಾಗುತ್ತದೆ. ಕೆಳಗೆ ಕಟ್ಟಿದ ಎಮ್ಮೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಮೇವು ಬಿಡುತ್ತದೆ. ಹಾಲು ಇಳಿಯುತ್ತದೆ. ಸಾಲ ತಂದು ಕಟ್ಟಿದ ಕೊಟ್ಟಿಗೆ ದನಕ್ಕೇ ಮುಳುವಾಗಬಾರದಲ್ಲ? ಅದಕ್ಕೆ ಮೊದಲೇ ಯೋಚನೆ ಮಾಡಬೇಕು.

ದಿಕ್ಕು ನೋಡ್ರಿ

ಕೊಟ್ಟಿಗೆಯ ಉದ್ದ ಪೂರ್ವದಿಂದ ಪಶ್ಚಿಮಕ್ಕೆ ಇರಲಿ. ಬೇಸಿಗೆಯಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಮುಂಜಾನೆ ಮತ್ತು ಸಂಜೆ ಮಾತ್ರ ಬಿಸಿಲು ಅಡ್ಡ ಬರುತ್ತದೆ. ಆಗ ಅದು ಸಣ್ಣ ಬದಿಗೆ ಬಿದ್ದರೆ ಒಳಗೆ ಬರೋದು ಕಡಿಮೆ. ಪಶ್ಚಿಮಕ್ಕೆ ಒಂದು ಬೇವಿನ ಗಿಡ ಇದ್ದರೆ ಇನ್ನೂ ಚಲೋ. ಗಿಡ ಇದ್ದರೆ ಕಡೀಬ್ಯಾಡ್ರಿ.

ಎತ್ತರಕ್ಕೆ ಜಿಪುಣತನ ಬ್ಯಾಡ

ಖರ್ಚು ಉಳಿಸಲಿಕ್ಕೆ ಏಳು ಅಡಿಗೇ ತಗಡು ಹೊಡೆಯುತ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ತಗಡು ತಲೆಗೆ ಹತ್ತಿರ ಬಂದಷ್ಟೂ ಅದರ ಝಳ ದನದ ಬೆನ್ನಿಗೆ ಬಡಿಯುತ್ತದೆ. ಅಂಚಿನಲ್ಲಿ 9-10 ಅಡಿ, ನಡುವೆ 12 ಅಡಿ ಎತ್ತರ ಇರಲಿ. ಕಾದ ಗಾಳಿ ಮೇಲಕ್ಕೆ ಏರುತ್ತದೆ. ಅದಕ್ಕೆ ಹೋಗಲು ದಾರಿ ಬೇಕು. ಎರಡು ಇಳಿಜಾರು ಕೂಡುವ ನೆತ್ತಿಯಲ್ಲಿ ಸಂದು ಬಿಟ್ಟು, ಅದರ ಮೇಲೆ ಅರ್ಧ ಅಡಿ ಎತ್ತರಿಸಿ ಇನ್ನೊಂದು ಅಗಲ ತಗಡು ಕೂಡಿಸಲು ವೆಲ್ಡಿಂಗಿನವರಿಗೆ ಹೇಳ್ರಿ. ಗಾಳಿ ಹೋಗುತ್ತದೆ, ಮಳೆ ಬರೋದಿಲ್ಲ. ಸುತ್ತ ಪೂರ್ತಿ ಗೋಡೆ ಬೇಡ.

ತಗಡಿನ ಮೇಲ್ಬದಿಗೆ ಬಿಳಿ ಬಣ್ಣ ಹಚ್ಚಿಸಿದರೆ ಬಿಸಿಲು ಮರಳಿ ಹೋಗುತ್ತದೆ. ಬೇಸಿಗೆಗೆ ಮೇಲೆ ರವದಿ ಹರಡಿ ಹಗ್ಗದಿಂದ ಬಿಗಿಯಬಹುದು. ಮಳೆಗಾಲಕ್ಕೆ ಮೊದಲು ಅದನ್ನು ತೆಗೆಯಿರಿ. ನೆನೆದು ಕೊಳೆತರೆ ತಗಡು ತುಕ್ಕು ಹಿಡಿಯುತ್ತದೆ.

ಜಾಗದ ಲೆಕ್ಕ

ಒಂದು ಆಕಳಿಗೆ ನೆರಳಿನಲ್ಲಿ ಸುಮಾರು 40 ಚದರ ಅಡಿ, ಎಮ್ಮೆಗೆ 45 ಚದರ ಅಡಿ ಜಾಗ ಬೇಕು. ಹೊರಗೆ ತಿರುಗಾಡಲು ಅದರ ಎರಡರಷ್ಟು. ನಾಲ್ಕು ದನಕ್ಕೆ 16 ಅಡಿ ಉದ್ದ, 12 ಅಡಿ ಅಗಲ ಸಾಕು. ಗೋದಲಿ, ನಿಲ್ಲುವ ಜಾಗ, ಕಾಲುವೆ, ಓಡಾಡುವ ದಾರಿ ಎಲ್ಲ ಇದರಲ್ಲೇ ಬರುತ್ತದೆ. ನೆಲ ಕಾಲುವೆ ಕಡೆಗೆ 6 ಅಡಿಗೆ 2 ಇಂಚು ಇಳಿಜಾರಿರಲಿ. ನುಣುಪು ಗಚ್ಚು ಮಾಡಿಸಬ್ಯಾಡ್ರಿ, ದನ ಜಾರುತ್ತದೆ.

ಗಾಳಿ ಮತ್ತು ಕರೆಂಟು

ಮುಂಗಾರಿಗೆ ಮೊದಲಿನ ಬಿರುಗಾಳಿ ತಗಡನ್ನು ಕೆಳಗಿನಿಂದ ಎತ್ತುತ್ತದೆ. ಕಂಬಗಳನ್ನು ಎರಡೂವರೆ, ಮೂರು ಅಡಿ ಆಳಕ್ಕೆ ಹುಗಿದು ಕಾಂಕ್ರೀಟು ಹಾಕಿಸಿರಿ. ತಗಡಿನ ಮೇಲೆ ಬರೀ ಕಲ್ಲು ಹೇರಿದರೆ ಸಾಲದು. ಬೋಲ್ಟು, ವಾಯ್ಸರು ಹಾಕಿ ಬಿಗಿಯಬೇಕು.

ಇನ್ನು ಕರೆಂಟು. ಇಲ್ಲಿ ಸದರ ಬೇಡ. ಸವೆದ ವಾಯರು ಕಬ್ಬಿಣಕ್ಕೆ ತಾಗಿದರೆ ಇಡೀ ಕೊಟ್ಟಿಗೆಗೇ ಕರೆಂಟು ಬರುತ್ತದೆ. ಹಸಿ ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತ ದನ ಅಲ್ಲೇ ಬೀಳುತ್ತದೆ. ಬಿಡಿಸಲು ಓಡಿ ಹೋದ ಮನುಷ್ಯನೂ ಉಳಿಯೋದಿಲ್ಲ. ವಾಯರು ಪ್ಲಾಸ್ಟಿಕ್ ಪೈಪಿನೊಳಗೆ ಇರಲಿ. ಅರ್ಥಿಂಗ್ ಮಾಡಿಸಿರಿ. ಕರೆಂಟು ಸೋರಿದರೆ ತಾನೇ ಬಂದಾಗುವ ಸ್ವಿಚ್ಚು ಕೂಡಿಸಿರಿ. ದನ ಬಿದ್ದರೆ ಮುಟ್ಟುವ ಮುಂಚೆ ಮೇನ್ ಸ್ವಿಚ್ಚು ತೆಗೆಯಬೇಕು. ಇದನ್ನು ಮನೆಯ ಮಕ್ಕಳಿಗೂ ಹೇಳಿಕೊಡ್ರಿ. ಕರೆಂಟಿನ ದೊಡ್ಡ ತಂತಿಯ ಕೆಳಗೆ ಕೊಟ್ಟಿಗೆ ಕಟ್ಟಲೇಬ್ಯಾಡ್ರಿ.

ಸರಕಾರದ ಸಹಾಯ ಸಿಗುತ್ತದೋ ಹೇಗೆ ಅಂತ ಗ್ರಾಮ ಪಂಚಾಯತಿಯಲ್ಲೂ ದನದ ದವಾಖಾನೆಯಲ್ಲೂ ಕಟ್ಟುವ ಮೊದಲೇ ಕೇಳ್ರಿ.

ನೀರಿನ ಲೆಕ್ಕ ಮಾಡಿರಿ

ಅಂಚಿನ ತಗಡು ಎಲ್ಲ ಕಡೆ ಎರಡೂವರೆ ಅಡಿ ಹೊರಗೆ ಚಾಚಿದರೆ, ಮೇಲಿನ ಕೊಟ್ಟಿಗೆಯ ತಗಡು ಸುಮಾರು 33 ಚದರ ಮೀಟರು ಜಾಗ ಮುಚ್ಚುತ್ತದೆ. ಒಂದು ಚದರ ಮೀಟರಿಗೆ 1 ಮಿಲಿಮೀಟರು ಮಳೆ ಬಿದ್ದರೆ 1 ಲೀಟರು ನೀರು. 10 ಮಿಲಿಮೀಟರು ಬಿದ್ದರೆ 330 ಲೀಟರು. ಅಂಚಿಗೆ ದೋಣಿ ಹಾಕಿ ಟಾಕಿಗೆ ಇಳಿಸಬಹುದು.

1. ನಿಮ್ಮೂರಲ್ಲಿ 20 ಮಿಲಿಮೀಟರು ಮಳೆಯಾದರೆ ಎಷ್ಟು ಲೀಟರು?

2. ಒಂದು ಎಮ್ಮೆ ದಿನಕ್ಕೆ 60 ಲೀಟರು ಕುಡಿದರೆ, ಆ ನೀರು ಅದಕ್ಕೆ ಎಷ್ಟು ದಿನ ಬರುತ್ತದೆ?

3. ನಿಮ್ಮ ಕೊಟ್ಟಿಗೆಯ ಉದ್ದ, ಅಗಲ, ಎತ್ತರ ಅಳೆದು ಪಾಟಿಯ ಮೇಲೆ ಬರೆಯಿರಿ.