ಜಂಗಮತ್ವವೂ ದೇಹವ್ಯಾಧಿಯೂ

ಜಂಗಮವೆಂದರೆ ಚಲಿಸುವುದು. ಹಾಗಾದರೆ ಕಾಲು ಜೋಮು ಹಿಡಿದು ನಡಿಗೆ ತಪ್ಪಿದವನಲ್ಲಿ ಜಂಗಮತ್ವವು ಕುಂದುವುದೇ? ಕೊಟ್ಟೂರು ಗುರುಬಸವೇಶ್ವರರ ರಥೋತ್ಸವಕ್ಕೆ ಪಾದಯಾತ್ರೆಯಿಂದ ಬರುವ ಭಕ್ತರಿಗೆ ಇದು ಬರಿಯ ತರ್ಕವಲ್ಲ.

1868ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ ವಿವರಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ದೇಹದ ರಕ್ಷಣಾಶಕ್ತಿಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುತ್ತದೆ. ಜೋಮು, ಆಯಾಸ, ಮಸುಕು ದೃಷ್ಟಿಗಳು ಹಲವರಲ್ಲಿ ಬಂದು ಹೋಗುವುವು. ಒಂದೇ ಪರೀಕ್ಷೆಯಿಂದ ಇದರ ನಿರ್ಣಯವಾಗದು. ಎಂ.ಆರ್.ಐ. ಚಿತ್ರ, ಬೆನ್ನುಹುರಿಯ ದ್ರವಗಳ ಸಾಕ್ಷ್ಯವನ್ನು ಕೂಡಿಸಿ ನೋಡಬೇಕು. ಬಿ-12 ಜೀವಸತ್ತ್ವದ ಕೊರತೆಯಂತಹ ಅನ್ಯಕಾರಣಗಳನ್ನು ಕಳೆಯಬೇಕು. ಆದುದರಿಂದ ನಿರೀಕ್ಷೆಯು ದೀರ್ಘವಾಗುವುದುಂಟು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳಿಂದ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಿಬರುವ ರೋಗಿಗೆ, ಹೊರಗೆ ಗಾಯ ಕಾಣದೆಂದು ನೆರೆಯವರಾಡುವ ‘ಸೋಗು’ ಎಂಬ ಮಾತು ವ್ಯಾಧಿಗಿಂತ ಕಠಿನವಾದುದು.

ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡರು. ಕಂಬವು ಅಲುಗಿದರೆ ಗರ್ಭಗುಡಿಯ ಲಿಂಗವು ಅಲುಗಿತೆನ್ನಲಾಗದು. ಹಾಗೆಂದು ಕಂಬವನ್ನು ಉಪೇಕ್ಷಿಸಲೂ ಆಗದು. ಲಕ್ಷಣಗಳನ್ನು ದಿನಾಂಕಸಹಿತ ಬರೆದಿಡುವುದು, ದೃಷ್ಟಿ ಮಂಜಾದರೆ ಅಥವಾ ಕೈಕಾಲು ಸೋತರೆ ತಡಮಾಡದೆ ವೈದ್ಯರಲ್ಲಿಗೆ ಹೋಗುವುದು, ಶಕ್ತಿಯಿದ್ದಷ್ಟು ಕಾಯಕ ಮಾಡಿ ದಣಿದಾಗ ವಿಶ್ರಮಿಸುವುದು ಇವೆಲ್ಲವೂ ದೇಗುಲದ ಸೇವೆಯೇ. ರೋಗಿಯ ಮಾತನ್ನು ನಂಬಿ ಕೇಳುವುದು ಮನೆಯವರ ದಾಸೋಹ.

ಜಂಗಮತ್ವವು ಅರಿವಿನ ಚಲನೆ, ಪಾದದ್ದಲ್ಲ. ವ್ಯಾಧಿಗೆ ಹೆಸರು ದೊರೆಯದ ದಿನಗಳಲ್ಲಿಯೂ ಆ ಅರಿವು ನಡೆಯುತ್ತಲೇ ಇರುತ್ತದೆಂಬುದನ್ನು ಶರಣಬಂಧುಗಳು ಮನಗಾಣಬೇಕು.